411 ಸೀಟು ಗೆದ್ದ ಸರ್ಕಾರಕ್ಕೆ ಒಂದೇ ವರ್ಷದಲ್ಲಿ ಈ ಗತಿಯೇ? ಬ್ರಿಟನ್ನಿನಲ್ಲಿರುವ ಕನ್ನಡಿಗರು ಹೇಳಿ

ಸಂಜೆಪತ್ರಿಕೆ | 26 ಜುಲೈ 2025

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಮೇಷ್ಟ್ರು. ಪೌರನೀತಿ ಪಾಠ ಮಾಡುತ್ತಾ ಬ್ರಿಟನ್ನಿನ ಸಂಸತ್ತನ್ನು ‘ಸಂಸತ್ತುಗಳ ತಾಯಿ’ ಎಂದು ಎಷ್ಟು ಸಾವಿರ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಮೊನ್ನೆ ಗುರುವಾರ ಬ್ರಿಟನ್ ಪ್ರಧಾನಿಯ ಗ್ರಾಮೀಣ ನಿವಾಸವಾದ ಚೆಕರ್ಸ್‌ನಲ್ಲಿ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತಲ್ಲ, ಇಬ್ಬರು ಪ್ರಧಾನಿಗಳೂ ಚಹಾ ಕುಡಿಯುತ್ತಾ ನಗುತ್ತಿರುವ ಚಿತ್ರ ನೋಡಿದೆ. ಅದರ ಬೆನ್ನಿಗೇ ಓದಿದ ಇನ್ನೊಂದು ಲೇಖನದಲ್ಲಿ ಅದೇ ಬ್ರಿಟನ್ ಪ್ರಧಾನಿ ಸ್ಟಾರ್ಮರ್ ಅವರ ಜನಪ್ರಿಯತೆ ನೆಲ ಕಚ್ಚಿದೆ ಎಂದಿತ್ತು. ಮೇ ತಿಂಗಳ ಯೂಗವ್ ಸಮೀಕ್ಷೆಯಲ್ಲಿ ಅವರನ್ನು ಮೆಚ್ಚಿದವರು ಶೇ 23, ಮೆಚ್ಚದವರು ಶೇ 69. ಜೂನ್‌ನಲ್ಲಿ ಅದೇ ಸಂಸ್ಥೆ ಮಾಡಿದ ಅಂದಾಜಿನಂತೆ ಈಗ ಚುನಾವಣೆ ನಡೆದರೆ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ 271 ಸ್ಥಾನ, ಆಳುವ ಪಕ್ಷ ಲೇಬರ್‌ಗೆ 178.

ಕಳೆದ ವರ್ಷ ಜುಲೈ 4ರಂದು 650ರಲ್ಲಿ 411 ಗೆದ್ದ ಪಕ್ಷ ಇದು! ಮೈತ್ರಿಯ ಜಗಳವಿಲ್ಲ, ಬಹುಮತದ ಚಿಂತೆಯಿಲ್ಲ. ಒಂದು ವರ್ಷದಲ್ಲಿ ಅಂಥದ್ದೇನು ಮಾಡಿಕೊಂಡರು?

ಸಮೀಕ್ಷೆಯ ಕೋಷ್ಟಕಗಳನ್ನು ದಯವಿಟ್ಟು ಕೊಡಬೇಡಿ, ಅವನ್ನು ನಾನೇ ಓದಿಕೊಳ್ಳುತ್ತೇನೆ. ನಿಮ್ಮ ಸುತ್ತಲಿನ ಜನ ಏನು ಮಾತನಾಡಿಕೊಳ್ಳುತ್ತಾರೆ, ಯಾವ ದಿನದಿಂದ ಮುನಿಸಿಕೊಂಡರು, ಅದನ್ನು ಹೇಳಿ.

ಗುಳಿಗೆಲೆಕ್ಕ | 26 ಜುಲೈ 2025

ಮೇಷ್ಟ್ರೇ, ನಮಸ್ಕಾರ. ನಾನು ಲೆಸ್ಟರ್ ನಗರಕ್ಕೆ ಬಂದು 18 ವರ್ಷವಾಯಿತು. ನಾರ್‌ಬರೋ ರಸ್ತೆಯ ಹತ್ತಿರದ ಒಂದು ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಇಂಗ್ಲಿಷರು ಅಪರಿಚಿತರೊಡನೆ ಮಾತನಾಡುವುದಿಲ್ಲ ಎನ್ನುವುದು ಸುಳ್ಳು. ಔಷಧಿಗಾಗಿ ಹತ್ತು ನಿಮಿಷ ಕಾಯಿಸಿ ನೋಡಿ. ಮಳೆಯಿಂದ ಶುರು ಮಾಡಿ ಮೊಣಕಾಲಿಗೆ ಬಂದು, ಅಲ್ಲಿಂದ ಸರ್ಕಾರಕ್ಕೆ ಬಂದೇ ಬರುತ್ತಾರೆ. ನಾನು ಬರೆಯುವುದು ಕೌಂಟರಿಗೆ ಮೊಣಕೈ ಊರಿಕೊಂಡು ಅವರು ಆಡಿದ ಮಾತು, ಅಷ್ಟೇ.

ಮೊದಲು ಆ 411ರ ವಿಷಯ ಮುಗಿಸಿಬಿಡುತ್ತೇನೆ, ಏಕೆಂದರೆ ನಿಮ್ಮನ್ನು ದಾರಿ ತಪ್ಪಿಸುತ್ತಿರುವುದು ಅದೇ. ಲೇಬರ್‌ಗೆ ಬಿದ್ದ ಮತ ಶೇ 33.7. ಮತಗಟ್ಟೆಗೆ ಹೋದವರೇ ಶೇ 60ರಷ್ಟು. ಅಂದರೆ ಮತದಾರರ ಪಟ್ಟಿಯಲ್ಲಿರುವ ಐವರಲ್ಲಿ ಒಬ್ಬರು ‘ಸರಿ, ಇವರೇ ಇರಲಿ’ ಎಂದರು. ಕನ್ಸರ್ವೇಟಿವ್ ಮತಗಳಲ್ಲಿ ದೊಡ್ಡ ಪಾಲನ್ನು ರಿಫಾರ್ಮ್ ಕಿತ್ತುಕೊಂಡಿದ್ದರಿಂದ ಸೀಟುಗಳು ತರಗೆಲೆಯಂತೆ ಲೇಬರ್ ಮಡಿಲಿಗೆ ಬಿದ್ದವು. ನಮ್ಮ ಅಂಗಡಿಗೆ ಕೆಲವರು ಬರುತ್ತಾರೆ, ಒಂದೇ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿ ರೋಸಿಹೋದವರು. ‘ಇದು ಬೇಡ, ಬೇರೆ ಯಾವುದಾದರೂ ಕೊಡಿ’ ಎನ್ನುತ್ತಾರೆ. ಹೊಸ ಮಾತ್ರೆಯ ಹೆಸರನ್ನೂ ಕೇಳುವುದಿಲ್ಲ. 14 ವರ್ಷಗಳ ಕನ್ಸರ್ವೇಟಿವ್ ಆಡಳಿತದ ನಂತರ ಈ ದೇಶ ಹಾಕಿದ ಮತ ಅಂಥದ್ದು.

ಲೆಸ್ಟರ್‌ನಲ್ಲಿ ಅದು ಅಂದೇ ಕಾಣುತ್ತಿತ್ತು. ನಗರದಲ್ಲಿ ಮೂರು ಕ್ಷೇತ್ರ. ದೇಶವೆಲ್ಲ ಲೇಬರ್ ಅಲೆ ಎನ್ನುತ್ತಿರುವಾಗ ಲೆಸ್ಟರ್ ಪೂರ್ವದಲ್ಲಿ ಕನ್ಸರ್ವೇಟಿವ್ ಪಕ್ಷದ ಶಿವಾನಿ ರಾಜಾ ಗೆದ್ದರು. ಭಗವದ್ಗೀತೆ ಹಿಡಿದು ಪ್ರಮಾಣ ವಚನ ಸ್ವೀಕರಿಸಿದರಲ್ಲ, ಅವರೇ. ಆ ಚುನಾವಣೆಯಲ್ಲಿ ಅವರ ಪಕ್ಷ ಬೇರೆಯವರಿಂದ ಕಿತ್ತುಕೊಂಡ ಏಕೈಕ ಸ್ಥಾನ ಅದು. ಲೆಸ್ಟರ್ ದಕ್ಷಿಣದಲ್ಲಿ ಮಂತ್ರಿಯಾಗುವುದು ಖಚಿತ ಎಂದುಕೊಂಡಿದ್ದ ಜೊನಾಥನ್ ಆಶ್‌ವರ್ತ್, ಗಾಜಾ ವಿಷಯದ ಸಿಟ್ಟಿನಿಂದ 979 ಮತಗಳಲ್ಲಿ ಪಕ್ಷೇತರರೊಬ್ಬರಿಗೆ ಸೋತರು. ಉಳಿದದ್ದು ನಮ್ಮ ಲೆಸ್ಟರ್ ಪಶ್ಚಿಮ. ಇಲ್ಲಿ ಲಿಜ್ ಕೆಂಡಲ್ ಗೆದ್ದು ಪಿಂಚಣಿ ಮತ್ತು ಕಲ್ಯಾಣ ಖಾತೆಯ ಸಚಿವೆಯಾದರು. ಇದನ್ನು ನೆನಪಿಟ್ಟುಕೊಳ್ಳಿ. ಈ ಒಂದು ವರ್ಷದಲ್ಲಿ ಜನರನ್ನು ಕೆರಳಿಸಿದ ಮೂರು ಕಾಗದಗಳು ಹೊರಟಿದ್ದು ಅವರ ಖಾತೆಯಿಂದಲೇ. ಹಾಗಾಗಿ ನಮ್ಮ ಅಂಗಡಿಯಲ್ಲಿ ‘ಸರ್ಕಾರ’ ಎನ್ನುವುದಕ್ಕೆ ‘ನಮ್ಮ ಲಿಜ್’ ಎನ್ನುತ್ತಾರೆ. ಹೇಳುವ ಧಾಟಿ ತಿಂಗಳಿಂದ ತಿಂಗಳಿಗೆ ಬದಲಾಗಿದೆ.

ಯಾವ ದಿನದಿಂದ ಎಂದು ಕೇಳಿದಿರಿ. ನಿಖರವಾಗಿ ಹೇಳಬಲ್ಲೆ: 2024ರ ಜುಲೈ 29, ಸೋಮವಾರ. ಸರ್ಕಾರಕ್ಕೆ ಇನ್ನೂ ನಾಲ್ಕು ವಾರ ತುಂಬಿರಲಿಲ್ಲ. ಹಿಂದಿನವರು 22 ಶತಕೋಟಿ ಪೌಂಡ್‌ಗಳ ಹಳ್ಳ ತೋಡಿಟ್ಟು ಹೋಗಿದ್ದಾರೆ ಎಂದು ಹಣಕಾಸು ಸಚಿವೆ ರೇಚಲ್ ರೀವ್ಸ್ ಘೋಷಿಸಿ, ವೃದ್ಧರಿಗೆ ಕೊಡುತ್ತಿದ್ದ ಚಳಿಗಾಲದ ಇಂಧನ ಭತ್ಯೆ ಇನ್ನು ಮುಂದೆ ಪೆನ್ಷನ್ ಕ್ರೆಡಿಟ್ ಮೊದಲಾದ ನೆರವು ಪಡೆಯುವ ಬಡವರಿಗೆ ಮಾತ್ರ ಎಂದರು. 200 ಪೌಂಡ್, 80 ದಾಟಿದವರಿದ್ದರೆ 300. ಸುಮಾರು ಒಂದು ಕೋಟಿ ಜನರಿಗೆ ಅದು ನಿಂತಿತು. ಇದು ಮೊದಲ ಕಾಗದ.

ನಮ್ಮ ಪಕ್ಕದ ಮನೆಯ ಅಜ್ಜಿಗೆ ಈಗ 70. ಹುಟ್ಟಿದ್ದು 1954ರ ಕೊನೆಯಲ್ಲಿ. ಒಬ್ಬರೇ ಇರುತ್ತಾರೆ. ಅವರ ಪೂರ್ಣ ಸರ್ಕಾರಿ ಪಿಂಚಣಿ ಆಗ ವಾರಕ್ಕೆ 221 ಪೌಂಡ್ 20 ಪೆನ್ಸ್. ಒಂಟಿಯಾಗಿರುವವರಿಗೆ ಪೆನ್ಷನ್ ಕ್ರೆಡಿಟ್ಟಿನ ಗಡಿ 218 ಪೌಂಡ್ 15 ಪೆನ್ಸ್. ಕಳೆದುಕೊಳ್ಳಿ ಮೇಷ್ಟ್ರೇ: 3 ಪೌಂಡ್ 5 ಪೆನ್ಸ್. ನಮ್ಮ ಅಡುಗೆಮನೆಯ ಮೇಜಿನ ಮೇಲೆ ನಾನೂ ಅವರೂ ಕೂತು ಈ ಲೆಕ್ಕವನ್ನು ಎರಡು ಸಲ ಮಾಡಿದೆವು, ತಪ್ಪಿರಬಹುದೆಂದು. ತಪ್ಪಿರಲಿಲ್ಲ. ವಾರಕ್ಕೆ 3 ಪೌಂಡ್ ‘ಶ್ರೀಮಂತೆ’ ಆಗಿದ್ದಕ್ಕೆ ಅವರ 200 ಪೌಂಡ್ ಹೋಯಿತು. ಜನವರಿಯಲ್ಲಿ ಅನಿಲ, ವಿದ್ಯುತ್ ದರದ ಮಿತಿ ಮತ್ತೆ ಏರಿ ಸಾಮಾನ್ಯ ಮನೆಯೊಂದಕ್ಕೆ ವರ್ಷಕ್ಕೆ 1,738 ಪೌಂಡ್ ಆಯಿತು. ಆ ಚಳಿಗಾಲ ಅವರು ಪ್ರತಿ ಸಂಜೆ ಟಾರ್ಚ್ ಹಿಡಿದು ಮೆಟ್ಟಿಲ ಕೆಳಗಿನ ಗೂಡಿನಲ್ಲಿರುವ ಗ್ಯಾಸ್ ಮೀಟರ್ ಓದಿ, ಒಂದು ಪುಟ್ಟ ನೋಟುಪುಸ್ತಕದಲ್ಲಿ ಬರೆದಿಡತೊಡಗಿದರು. ಅಂಕಿ ಹೆಚ್ಚು ಓಡಿದ ದಿನ ಹೀಟರ್ ಆರಿಸಿ, ಬಿಸಿನೀರಿನ ಬಾಟಲಿ ಅಪ್ಪಿಕೊಂಡು ಮಲಗುತ್ತಿದ್ದರು.

ಅದೇ ಡಿಸೆಂಬರ್‌ನಲ್ಲಿ ಎರಡನೆಯ ಕಾಗದ. 1950ರ ದಶಕದಲ್ಲಿ ಹುಟ್ಟಿದ ಹೆಂಗಸರ ಪಿಂಚಣಿ ವಯಸ್ಸನ್ನು 60ರಿಂದ ಏರಿಸಿದ್ದನ್ನು ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ, ಪರಿಹಾರ ಕೊಡಿ ಎಂದು ಸರ್ಕಾರದ ಮೇಲಿನ ದೂರುಗಳನ್ನು ವಿಚಾರಿಸುವ ಓಂಬುಡ್ಸ್‌ಮನ್ ಹೇಳಿದ್ದರು. ಆಗುವುದಿಲ್ಲ ಎಂದು ಕೆಂಡಲ್ ಸಂಸತ್ತಿನಲ್ಲಿ ಹೇಳಿದರು. ವಿರೋಧ ಪಕ್ಷದಲ್ಲಿದ್ದಾಗ ಇದೇ ಹೆಂಗಸರ ಪಕ್ಕ ನಿಂತು ಫೋಟೊ ತೆಗೆಸಿಕೊಂಡವರು ಲೇಬರ್ ನಾಯಕರು. ನಮ್ಮ ಅಜ್ಜಿ 60ಕ್ಕೆ ಎಂದು ನಂಬಿಕೊಂಡಿದ್ದ ಪಿಂಚಣಿ ಬಂದದ್ದು 66ಕ್ಕೆ. ಆಕೆ ಜೀವಮಾನವಿಡೀ ಲೇಬರ್‌ಗೆ ಮತ ಹಾಕಿದವರು. ಬೈಯಲಿಲ್ಲ. ‘ನಾವು ಎಲ್ಲಿಗೆ ಹೋಗುತ್ತೇವೆ ಎಂಬ ಧೈರ್ಯ ಅವರಿಗೆ’ ಎಂದರು. ಬೈದಿದ್ದರೆ ವಾಸಿಯಿತ್ತು.

ನಡುವೆ ಕನ್ನಡಕದ ಪ್ರಸಂಗವೊಂದಾಯಿತು. ಶ್ರೀಮಂತ ದಾನಿಯೊಬ್ಬರು ಪ್ರಧಾನಿಗೆ ಬಟ್ಟೆಬರೆಯ ಜೊತೆಗೆ 2,485 ಪೌಂಡ್‌ಗಳ ಕನ್ನಡಕಗಳನ್ನೂ ಕೊಡಿಸಿದ್ದು ಸೆಪ್ಟೆಂಬರ್‌ನಲ್ಲಿ ದೊಡ್ಡ ಸುದ್ದಿಯಾಯಿತು. ಕಾನೂನಿನ ಪ್ರಕಾರ ತಪ್ಪಿರಲಿಲ್ಲ, ದಾಖಲೆಯಲ್ಲೂ ಇತ್ತು. ಆದರೆ ನಮ್ಮ ಅಂಗಡಿಯಲ್ಲಿ ಐದು ಪೌಂಡಿನ ಓದುಗನ್ನಡಕ ತೂಗುಹಾಕಿರುವ ತಿರುಗುವ ಸ್ಟ್ಯಾಂಡ್ ಒಂದಿದೆ. ಕ್ರಿಸ್‌ಮಸ್ ತನಕ ಅದರ ಮುಂದೆ ನಿಂತ ಮುದುಕರೆಲ್ಲ ಒಂದನ್ನು ಏರಿಸಿಕೊಂಡು ‘ಪ್ರಧಾನಿಯ ಮಾದರಿ ಇದೆಯೇ?’ ಎಂದು ಕೇಳುವವರೇ. ಭತ್ಯೆ ಕಿತ್ತುಕೊಂಡ ಬೆನ್ನಿಗೇ ಇದು ಬಯಲಾಗಬೇಕೇ! ಬಿಡಿ, ಹಣೆಬರಹ.

ಅಕ್ಟೋಬರ್ 30ರ ಬಜೆಟ್ ನಮ್ಮ ಮಾಲೀಕರ ಸರದಿ. ‘ದುಡಿಯುವ ಜನರ ತೆರಿಗೆ ಏರಿಸುವುದಿಲ್ಲ’ ಎಂದು ಮಾತು ಕೊಟ್ಟಿದ್ದರಿಂದ, ಕೆಲಸ ಕೊಡುವವರು ನೌಕರರ ಸಂಬಳದ ಮೇಲೆ ಕಟ್ಟುವ ಸಾಮಾಜಿಕ ಭದ್ರತೆಯ ವಂತಿಗೆಯಾದ ನ್ಯಾಷನಲ್ ಇನ್ಶೂರೆನ್ಸನ್ನು ಶೇ 13.8ರಿಂದ 15ಕ್ಕೆ ಏರಿಸಿದರು. ಅದಕ್ಕಿಂತ ಹೊಡೆತ ಕೊಟ್ಟದ್ದು ಅದು ಶುರುವಾಗುವ ಸಂಬಳದ ಗಡಿಯನ್ನು 9,100 ಪೌಂಡಿನಿಂದ 5,000ಕ್ಕೆ ಇಳಿಸಿದ್ದು. ವರ್ಷಕ್ಕೆ 9,000 ಪೌಂಡ್ ಗಳಿಸುವ ಅರೆಕಾಲಿಕ ನೌಕರಳಿಗಾಗಿ ಮಾಲೀಕ ಮೊದಲು ಕಟ್ಟುತ್ತಿದ್ದುದು ಸೊನ್ನೆ, ಈ ಏಪ್ರಿಲ್‌ನಿಂದ 600. ಸಣ್ಣ ಅಂಗಡಿಗಳಿಗೆ ರಿಯಾಯಿತಿ ಇದೆ, ಆದರೆ ನಮ್ಮವರಿಗೆ ಮೂರು ಅಂಗಡಿ. ಅವರು ಔಷಧಿ ಹಾಕಿಕೊಡುವ ಕಾಗದದ ಚೀಲದ ಹಿಂದೆ ಈ ಲೆಕ್ಕ ಬರೆದು ತೋರಿಸಿ, ಬಿಟ್ಟುಹೋದ ಹುಡುಗಿಯ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲಿಲ್ಲ. ಈಗ ಶನಿವಾರ ಪೆಟ್ಟಿಗೆ ಬಿಚ್ಚುವವಳು ನಾನೇ. ನನ್ನ ತೆರಿಗೆ ಏರಿಲ್ಲ, ನಿಜ. ಬೆನ್ನು ನೋವು ಏರಿದೆ.

ಮೂರನೆಯ ಕಾಗದ ಅಂಗವಿಕಲರ ‘ಪಿಪ್’ ಭತ್ಯೆ. ಮಾರ್ಚ್‌ನಲ್ಲಿ ಘೋಷಿಸಿದ ಹೊಸ ನಿಯಮದಂತೆ ಯಾವುದಾದರೂ ಒಂದು ದೈನಂದಿನ ಕೆಲಸದಲ್ಲಿ ಕನಿಷ್ಠ 4 ಅಂಕ ಬರಲೇಬೇಕು. ಇಂಥ ಅಂಕಪಟ್ಟಿಯೊಂದಿದೆ ಎಂದು ನನಗೆ ಗೊತ್ತಾದದ್ದೇ ಒಬ್ಬ ಗಿರಾಕಿಯಿಂದ. ಮೂಳೆಸಂದುಗಳ ಕಾಯಿಲೆ, ಐವತ್ತರ ಆಸುಪಾಸು, ಹಿಂದೆ ಲಾರಿ ಓಡಿಸುತ್ತಿದ್ದವರು. ಮುದ್ರಿತ ಹಾಳೆಯನ್ನು ಕೌಂಟರಿನ ಮೇಲೆ ಹರಡಿ ಬೆರಳಿಟ್ಟು ತೋರಿಸಿದರು. ಸೊಂಟದ ಕೆಳಗೆ ತೊಳೆದುಕೊಳ್ಳಲು ಇನ್ನೊಬ್ಬರ ಸಹಾಯ ಬೇಕಾದರೆ 2 ಅಂಕ. ಭುಜದಿಂದ ಸೊಂಟದ ನಡುವೆ ತೊಳೆಯಲು ಸಹಾಯ ಬೇಕಾದರೆ 4. ‘ನನ್ನ ಹೆಂಡತಿ ತೊಳೆಯುವುದು ತಪ್ಪು ಅರ್ಧವನ್ನು’ ಎಂದರು. ಹಿಂದೆ ಸಾಲಿನಲ್ಲಿದ್ದವರು ನಕ್ಕರು, ಆಮೇಲೆ ಯಾರೂ ಮಾತನಾಡಲಿಲ್ಲ.

ಕೊನೆಗೆ ಏನಾಯಿತು? ಸ್ವಪಕ್ಷದ 120ಕ್ಕೂ ಹೆಚ್ಚು ಸಂಸದರು ತಿರುಗಿಬಿದ್ದರು. ಜುಲೈ 1ರಂದು ಚರ್ಚೆ ನಡೆಯುತ್ತಿರುವಾಗಲೇ ಆ ಅಂಶವನ್ನು ಕೈಬಿಟ್ಟರು. ಆಗಲೂ 49 ಲೇಬರ್ ಸಂಸದರು ವಿರುದ್ಧ ಮತ ಹಾಕಿದರು. ಅದಕ್ಕೂ ಮೊದಲು ಜೂನ್‌ನಲ್ಲಿ ಇಂಧನ ಭತ್ಯೆಯನ್ನೂ ವಾಪಸು ಕೊಟ್ಟಿದ್ದರು, ವರ್ಷಕ್ಕೆ 35,000 ಪೌಂಡ್ ಆದಾಯದ ತನಕ. ನನ್ನ ಅಭಿಪ್ರಾಯ ಕೇಳಿದರೆ ಇವರು ಕೆಟ್ಟದ್ದು ಇಲ್ಲಿಯೇ. ಕಹಿ ಔಷಧ ಕೊಡುತ್ತೇವೆ ಎಂದರು, ಕೊಟ್ಟರು, ರೋಗಿ ಕಿರುಚಿದ ಮೇಲೆ ಬಾಯಿಂದ ವಾಪಸು ತೆಗೆದರು. ಕಹಿಯಂತೂ ನಾಲಿಗೆಗೆ ಹತ್ತಿತು. ಹಾವೂ ಸಾಯಲಿಲ್ಲ, ಕೋಲೂ ಉಳಿಯಲಿಲ್ಲ. ಭತ್ಯೆ ಕಡಿತ ವಿರೋಧಿಸಿದವರು ಕ್ಷಮಿಸಲಿಲ್ಲ. ‘ದುಡ್ಡಿಲ್ಲ, ಯಾರಾದರೂ ಧೈರ್ಯ ಮಾಡಲೇಬೇಕು’ ಎಂದು ಬೆಂಬಲಿಸಿದ ನಾಲ್ಕು ಜನರೂ ಈಗ ಬೆಪ್ಪಾಗಿ ನಿಂತಿದ್ದಾರೆ. ನಮ್ಮ ಮಾಲೀಕರು ಅಂಥವರಲ್ಲೊಬ್ಬರು.

ಸಂಜೆಪತ್ರಿಕೆ | 26 ಜುಲೈ 2025

ಮೇಡಂ, 3 ಪೌಂಡ್ 5 ಪೆನ್ಸ್ ಲೆಕ್ಕವನ್ನು ನಾನೂ ಕಾಗದದ ಮೇಲೆ ಮಾಡಿ ನೋಡಿದೆ. ಒಂದು ಸಂದೇಹ. ಪತ್ರಿಕೆಗಳಲ್ಲಿ ನಮಗೆ ಕಾಣುವುದೆಲ್ಲ ವಲಸೆಯ ಗಲಾಟೆ, ಆಶ್ರಯ ಕೋರಿ ಕಡಲು ದಾಟಿ ಬರುವವರ ದೋಣಿಗಳು, ಅವರನ್ನು ಇರಿಸಿದ ಹೋಟೆಲುಗಳ ಮುಂದೆ ಪ್ರತಿಭಟನೆ. ನಿಮ್ಮ ಪತ್ರದಲ್ಲಿ ಅದರ ಸುಳಿವೇ ಇಲ್ಲವಲ್ಲ? ನಿಮ್ಮ ಮುಂದೆ ಯಾರೂ ಆಡುವುದಿಲ್ಲವೋ, ಅಥವಾ ಅಲ್ಲಿ ಅದು ಅಷ್ಟು ದೊಡ್ಡ ವಿಷಯವಲ್ಲವೋ?

ರೆಡಿಂಗ್ ನಿವಾಸಿ | 26 ಜುಲೈ 2025

ಸರ್, ಅದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಆ ‘ವಿಷಯ’ ನಾನೇ.

2021ರ ಅಕ್ಟೋಬರ್‌ನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದೆ. ಸಾಫ್ಟ್‌ವೇರ್ ಪರೀಕ್ಷಕನ ಕೆಲಸ. ಐದು ವರ್ಷ ತುಂಬಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು, ಅಂದರೆ ಮುಂದಿನ ವರ್ಷ. ಅರ್ಜಿ ಶುಲ್ಕ 3,029 ಪೌಂಡ್‌ಗಳನ್ನು ತಿಂಗಳು ತಿಂಗಳು ಕೂಡಿಡುತ್ತಿದ್ದೇನೆ. ಈ ಮೇ 12ರಂದು ವಲಸೆ ಕುರಿತ ಸರ್ಕಾರದ ಶ್ವೇತಪತ್ರ ಬಂತು: ಐದಲ್ಲ, ಸಾಮಾನ್ಯವಾಗಿ ಹತ್ತು ವರ್ಷ. ಈಗಾಗಲೇ ಇಲ್ಲಿರುವವರಿಗೂ ಇದು ಅನ್ವಯವೇ ಎಂಬುದಕ್ಕೆ ಇವತ್ತಿನ ತನಕ ಖಚಿತ ಉತ್ತರ ಬಂದಿಲ್ಲ. ಅದೇ ದಿನ ಪ್ರಧಾನಿ ದೇಶ ‘ಅಪರಿಚಿತರ ದ್ವೀಪ’ ಆಗುವ ಅಪಾಯವಿದೆ ಎಂದು ಭಾಷಣ ಮಾಡಿದರು. ಜೂನ್ ಕೊನೆಯಲ್ಲಿ ಆ ಮಾತಿಗೆ ವಿಷಾದವನ್ನೂ ವ್ಯಕ್ತಪಡಿಸಿದರು. ಗುಳಿಗೆಲೆಕ್ಕ ಅವರು ಹೇಳಿದ ರೋಗವೇ, ಕಹಿ ಕೊಟ್ಟು ವಾಪಸು ತೆಗೆಯುವುದು.

ನಿಮಗೆ ಗೊತ್ತಿರಲಿಕ್ಕಿಲ್ಲ, ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಇಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಕಳೆದ ಜುಲೈನಲ್ಲಿ ನಾನು ಭಾರತದ ಪಾಸ್‌ಪೋರ್ಟನ್ನೇ ಗುರುತಿಗೆ ತೋರಿಸಿ ಮತ ಹಾಕಿದೆ. ಹಾಕಿದ್ದು ಲೇಬರ್‌ಗೆ. ಹತ್ತು ತಿಂಗಳಿಗೆ ಅಪರಿಚಿತನಾದೆ.

ತಮಾಷೆಯೆಂದರೆ ನಿವ್ವಳ ವಲಸೆ ನಿಜಕ್ಕೂ ಇಳಿದಿದೆ. 2023ರಲ್ಲಿ 8 ಲಕ್ಷ 60 ಸಾವಿರದಷ್ಟಿದ್ದದ್ದು 2024ರಲ್ಲಿ 4 ಲಕ್ಷ 31 ಸಾವಿರ, ಸರಿಯಾಗಿ ಅರ್ಧ. ಬಹುಪಾಲು ಹಿಂದಿನ ಸರ್ಕಾರ ವೀಸಾ ನಿಯಮ ಬಿಗಿ ಮಾಡಿದ್ದರ ಫಲ ಅನ್ನಿ. ನಮ್ಮ ಕಚೇರಿಯಲ್ಲಿ ಈ ಸಂಖ್ಯೆ ಒಬ್ಬರಿಗೂ ಗೊತ್ತಿಲ್ಲ. ವಿಮಾನದಲ್ಲಿ ಬರಬೇಕಾಗಿದ್ದವನು ಬರಲಿಲ್ಲ ಎಂಬುದರ ಫೋಟೊ ತೆಗೆಯಲು ಆಗುವುದಿಲ್ಲವಲ್ಲ. ದೋಣಿಯ ಫೋಟೊ ತೆಗೆಯಬಹುದು. ಈ ವರ್ಷದ ಮೊದಲ ಆರು ತಿಂಗಳಲ್ಲಿ ದೋಣಿಯಲ್ಲಿ ಬಂದವರು ಸುಮಾರು 20,000, ಹಿಂದಿನ ವರ್ಷಕ್ಕಿಂತ ಅರ್ಧದಷ್ಟು ಹೆಚ್ಚು. ಜನರ ಕಣ್ಣಿಗೆ ಕಟ್ಟಿರುವುದು ಅದೇ.

ವ್ಯಾಪಾರ ಒಪ್ಪಂದವೂ ನನ್ನ ಪಾಲಿಗೆ ಹೊಸ ತಲೆನೋವು ತಂದಿದೆ. ಭಾರತದ ಕಂಪನಿಗಳು ತಾತ್ಕಾಲಿಕವಾಗಿ ಇಲ್ಲಿಗೆ ಕಳಿಸುವ ನೌಕರರು ಮೂರು ವರ್ಷ ಇಲ್ಲಿನ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಬೇಕಿಲ್ಲ ಎಂಬ ಅಂಶ ಅದರಲ್ಲಿದೆ. ಅವರು ಭಾರತದಲ್ಲಿ ಭವಿಷ್ಯನಿಧಿ ಕಟ್ಟುತ್ತಿರುತ್ತಾರೆ ಎಂಬುದನ್ನು ಯಾರೂ ಹೇಳುವುದಿಲ್ಲ. ನನಗಂತೂ ಅದು ಅನ್ವಯಿಸುವುದೇ ಇಲ್ಲ, ನಾನು ಇಲ್ಲಿನ ಕಂಪನಿಯ ನೌಕರ. ನಿನ್ನೆ ನೀರು ಕಾಯಿಸುವ ಕೆಟಲ್ ಹತ್ತಿರ ಸಹೋದ್ಯೋಗಿಯೊಬ್ಬರು, ಒಳ್ಳೆಯವರೇ, ‘ನಿಮಗೆಲ್ಲ ತೆರಿಗೆ ಇಲ್ಲವಂತೆ?’ ಎಂದರು. ಮೊಬೈಲ್ ತೆಗೆದು ನನ್ನ ಸಂಬಳದ ಚೀಟಿ ತೋರಿಸಿದೆ. ತೋರಿಸಿದ ಮೇಲೆ ನನಗೇ ನಾಚಿಕೆಯಾಯಿತು. ನಾನೇಕೆ ತೋರಿಸಬೇಕಿತ್ತು?

ರಾತ್ರಿಪಾಳಿ | 27 ಜುಲೈ 2025

ಪಾಳಿ ಮುಗಿಸಿ ಬಂದು ಓದುತ್ತಿದ್ದೇನೆ, ಕಣ್ಣು ಉರಿಯುತ್ತಿದೆ, ಆದರೂ ಬರೆಯುತ್ತೇನೆ. ಗುಳಿಗೆಲೆಕ್ಕ ಅಕ್ಕ, ನೀವು ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ತಕ್ಕಡಿಯ ಒಂದೇ ತಟ್ಟೆ ತೋರಿಸಿದಿರಿ.

ನಾನು ಲೀಡ್ಸ್‌ನಲ್ಲಿ ದಾದಿ. ಈ ಸರ್ಕಾರದ ನನ್ನ ನೆನಪು ಶುರುವಾಗುವುದು ಕಳೆದ ಆಗಸ್ಟ್‌ನಿಂದ. ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತಲ್ಲ, ಕೊಲೆಗಾರ ದೋಣಿಯಲ್ಲಿ ಬಂದವನು ಎಂಬ ಸುಳ್ಳು ಹಬ್ಬಿ ಊರೂರಿನಲ್ಲಿ ಗಲಭೆ. ಆ ವಾರ ನಮ್ಮ ವಾರ್ಡಿನ ಕಂದುಬಣ್ಣದವರೆಲ್ಲ ಬಸ್ಸಿಗೆ ಒಟ್ಟಿಗೆ ಹೋಗುತ್ತಿದ್ದೆವು. ಸಮವಸ್ತ್ರದ ಮೇಲೆ ಕೋಟು ಹಾಕಿ ಗುಂಡಿ ಹಾಕಿಕೊಂಡಿದ್ದೆ, ಆಗಸ್ಟ್ ಸೆಕೆಯಲ್ಲಿ. ಸ್ಟಾರ್ಮರ್ ಹಿಂದೆ ಸರ್ಕಾರಿ ಅಭಿಯೋಜಕರ ಮುಖ್ಯಸ್ಥರಾಗಿದ್ದವರು, 2011ರ ಗಲಭೆಯಲ್ಲೂ ನ್ಯಾಯಾಲಯಗಳನ್ನು ಹಗಲೂ ರಾತ್ರಿ ನಡೆಸಿದ ಅನುಭವವಿತ್ತು. ಈ ಸಲವೂ ಅದನ್ನೇ ಹಿಡಿದರು. ಸಾವಿರಕ್ಕೂ ಹೆಚ್ಚು ಜನರ ಬಂಧನವಾಯಿತು, ಕೆಲವರಿಗೆ ವಾರದೊಳಗೇ ಶಿಕ್ಷೆಯಾಯಿತು. ಆಗಸ್ಟ್ 7ರ ರಾತ್ರಿ ದೊಡ್ಡ ದಾಳಿ ನಡೆಯುತ್ತದೆ ಎಂದಿದ್ದರು. ಗಲಭೆಕೋರರಿಗಿಂತ ಅವರನ್ನು ತಡೆಯಲು ಬಂದ ಸಾಮಾನ್ಯ ಜನರೇ ಬೀದಿ ತುಂಬಿದ್ದರು. ನಾನು ಆ ರಾತ್ರಿ ಕೆಲಸದಲ್ಲಿದ್ದೆ. ಒಬ್ಬ ವೃದ್ಧ ರೋಗಿ ತಮ್ಮ ಮೊಬೈಲಿನಲ್ಲಿ ಆ ಚಿತ್ರ ತೋರಿಸಿ, ‘ನೋಡು, ನಿನ್ನ ಕಡೆಯವರೇ ಹೆಚ್ಚು’ ಎಂದರು. ನನ್ನ ಕಡೆಯವರು ಎಂದದ್ದು ಬಿಳಿಯರನ್ನು.

ಇನ್ನು ಆಸ್ಪತ್ರೆಯ ಲೆಕ್ಕ. ಕಾಯುವವರ ಪಟ್ಟಿ ಸರ್ಕಾರ ಬಂದಾಗ 76 ಲಕ್ಷದಷ್ಟಿತ್ತು, ಮೇ ಹೊತ್ತಿಗೆ 73.6 ಲಕ್ಷ. ಸಾಸಿವೆಯಷ್ಟು ಎನ್ನಿ, ಪರವಾಗಿಲ್ಲ, ಆದರೆ ಹಿಂದೆ ಅದು ವರ್ಷಗಟ್ಟಲೆ ಏರಿತ್ತು. ಕಿರಿಯ ವೈದ್ಯರಿಗೆ ಎರಡು ವರ್ಷಗಳ ಲೆಕ್ಕದಲ್ಲಿ ಶೇ 22ರಷ್ಟು ಸಂಬಳ ಹೆಚ್ಚಿಸಿ ಮುಷ್ಕರ ನಿಲ್ಲಿಸಿದರು. ಕನಿಷ್ಠ ವೇತನ ಗಂಟೆಗೆ 11.44ರಿಂದ 12.21 ಪೌಂಡ್ ಆಯಿತು. ನನ್ನ ಜೊತೆ ಮನೆ ಹಂಚಿಕೊಂಡಿರುವವಳು ಕೆಫೆಯಲ್ಲಿ ಕೆಲಸ ಮಾಡುತ್ತಾಳೆ, ಅವಳಿಗೆ ವಾರಕ್ಕೆ 28 ಪೌಂಡ್ ಹೆಚ್ಚು ಬರುತ್ತಿದೆ. ಬ್ಯಾಂಕ್ ಬಡ್ಡಿ 5.25ರಿಂದ 4.25ಕ್ಕೆ ಇಳಿದಿದೆ. ಫೆಬ್ರವರಿ ಕೊನೆಯಲ್ಲಿ ಝೆಲೆನ್‌ಸ್ಕಿಯವರಿಗೆ ಅಮೆರಿಕದಲ್ಲಿ ಅವಮಾನವಾದ ಮರುದಿನವೇ ಸ್ಟಾರ್ಮರ್ ಅವರನ್ನು ತಮ್ಮ ನಿವಾಸವಿರುವ ಡೌನಿಂಗ್ ಸ್ಟ್ರೀಟ್‌ನಲ್ಲಿ ಅಪ್ಪಿಕೊಂಡು ಬರಮಾಡಿಕೊಂಡರು. ಆ ಒಂದು ವಾರ ನಮ್ಮ ವಿಶ್ರಾಂತಿ ಕೋಣೆಯಲ್ಲಿ ಸ್ಟಾರ್ಮರ್ ಬಗ್ಗೆ ಯಾರೂ ಕೊಂಕು ಆಡಲಿಲ್ಲ. ಅಷ್ಟು ದಿನ ನಾನು ಕಂಡದ್ದು ಅದೊಂದೇ ಸಲ.

ಆದರೆ ಒಪ್ಪುತ್ತೇನೆ, ಇದನ್ನು ಯಾರೂ ಸರ್ಕಾರದ ಖಾತೆಗೆ ಜಮಾ ಮಾಡುವುದಿಲ್ಲ. ನನ್ನ ಗೆಳತಿಯನ್ನೇ ಕೇಳಿದೆ. ‘28 ಪೌಂಡ್ ಕೆಫೆ ಕೊಟ್ಟಿತು’ ಎಂದಳು. ನೀರಿನ ಬಿಲ್ಲು ಏರಿದ್ದನ್ನು ಮಾತ್ರ ಸರ್ಕಾರದ ಲೆಕ್ಕಕ್ಕೆ ಬರೆದಳು. ಮೊನ್ನೆ ಶುಕ್ರವಾರದಿಂದ ಅದೇ ಕಿರಿಯ ವೈದ್ಯರು ಮತ್ತೆ ಐದು ದಿನಗಳ ಮುಷ್ಕರದಲ್ಲಿದ್ದಾರೆ. ರಾತ್ರಿ ಹೇಗಿತ್ತೆಂದು ಕೇಳಬೇಡಿ. ಮಲಗುತ್ತೇನೆ.

ಸಂಜೆಪತ್ರಿಕೆ | 27 ಜುಲೈ 2025

ಮಲಗಮ್ಮಾ. ಕೋಟಿನ ಗುಂಡಿಯ ಮಾತು ಓದಿ ನನ್ನ ಹೆಂಡತಿಗೂ ಓದಿ ಹೇಳಿದೆ.

ಗುಳಿಗೆಲೆಕ್ಕ ಮೇಡಂ, ಕೊನೆಯದಾಗಿ ಒಂದು. ನಿಮ್ಮ ಪಕ್ಕದ ಮನೆಯವರಂಥವರು ಕೈ ಬಿಟ್ಟ ಮತ ಹೋಗುವುದು ಎಲ್ಲಿಗೆ? ಫರಾಜ್ ಕಡೆಗೋ? ನೀವು ಮಾತ್ರ ಯಾರಿಗೆ ಹಾಕಿದಿರಿ ಎಂದು ಕೇಳುವುದಿಲ್ಲ, ಅದು ಗುಪ್ತ ಮತದಾನ ಎಂದು ಪಾಠ ಮಾಡಿದವನು ನಾನು.

ಗುಳಿಗೆಲೆಕ್ಕ | 27 ಜುಲೈ 2025

ಕೇಳದಿದ್ದರೂ ಹೇಳುತ್ತೇನೆ ಮೇಷ್ಟ್ರೇ, ಲೇಬರ್‌ಗೇ ಹಾಕಿದ್ದೆ. ಇಲ್ಲಿ ಬೆರಳಿಗೆ ಶಾಯಿ ಇಲ್ಲ, ಯಂತ್ರವೂ ಇಲ್ಲ. ದಾರ ಕಟ್ಟಿದ ಮೋಟು ಪೆನ್ಸಿಲಿನಲ್ಲಿ ಕಾಗದದ ಮೇಲೆ ಒಂದು ಗುಣಾಕಾರ ಚಿಹ್ನೆ ಹಾಕಿ ಬರುವುದು. ಪ್ರತಿ ಸಲವೂ ಯಾರಾದರೂ ಅಳಿಸಿಬಿಟ್ಟರೇನು ಗತಿ ಎನ್ನಿಸುತ್ತದೆ. ಯಾರೂ ಅಳಿಸುವುದಿಲ್ಲ.

ರಾತ್ರಿಪಾಳಿ, ಆ ಆಗಸ್ಟ್ ವಾರವನ್ನು ನಾನು ಮರೆತೇಬಿಟ್ಟಿದ್ದೆ. 7ನೇ ತಾರೀಖು ನಾವೂ ಮಧ್ಯಾಹ್ನ ಮೂರಕ್ಕೇ ಬಾಗಿಲು ಎಳೆದಿದ್ದೆವು, ಗಾಳಿಸುದ್ದಿ ಕೇಳಿ. ಏನೂ ಆಗಲಿಲ್ಲ, ಆದ್ದರಿಂದ ಮರೆತೆ. ಆಗದೇ ಹೋದ ಅನಾಹುತಕ್ಕೆ ನಾನೂ ಸರ್ಕಾರಕ್ಕೆ ಅಂಕ ಕೊಟ್ಟಿರಲಿಲ್ಲ. ತಟ್ಟೆಯ ಮಾತು ನಿಮ್ಮದೇ ಸರಿ.

ಮತ ಎಲ್ಲಿಗೆ ಹೋಗುತ್ತದೆ ಎಂಬುದು. ಮೇ 1ರಂದು ನಮ್ಮ ನಗರದಲ್ಲಿ ಚುನಾವಣೆ ಇರಲಿಲ್ಲ, ಸುತ್ತಲಿನ ಲೆಸ್ಟರ್‌ಶೈರ್ ಕೌಂಟಿಯಲ್ಲಿತ್ತು. ಅಲ್ಲಿ ರಿಫಾರ್ಮ್ ಅತಿ ದೊಡ್ಡ ಪಕ್ಷವಾಗಿ ಬಂತು. ಇಂಗ್ಲೆಂಡಿನಲ್ಲಿ ಒಟ್ಟು 10 ಕೌನ್ಸಿಲ್‌ಗಳು ಅವರ ಕೈಸೇರಿದವು. ಅದೇ ದಿನ ರನ್‌ಕಾರ್ನ್ ಉಪಚುನಾವಣೆಯಲ್ಲಿ ಅವರು ಲೇಬರ್ ಸ್ಥಾನವನ್ನು 6 ಮತಗಳಿಂದ ಕಿತ್ತುಕೊಂಡರು, ಆರೇ ಆರು. ನಗರದ ಗಡಿಯಾಚೆ ಬ್ರೌನ್‌ಸ್ಟನ್ ಟೌನ್‌ನಿಂದ ನಮ್ಮಲ್ಲಿಗೆ ರಕ್ತದೊತ್ತಡದ ಮಾತ್ರೆಗೆ ಬರುವ ಒಬ್ಬ ಮುದುಕರಿದ್ದಾರೆ. ಲೆಸ್ಟರ್‌ನ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದು, ಅದು ಮುಚ್ಚಿದಾಗ ಮನೆಗೆ ಬಂದವರು. ಯೂನಿಯನ್ ಮನುಷ್ಯ. ಅವರು ರಿಫಾರ್ಮ್‌ಗೆ ಹಾಕಿದೆ ಎಂದು ನನಗೇ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಚೀಟಿಯನ್ನೇ ನೋಡುತ್ತಿದ್ದರು. ‘ನಿಮ್ಮ ವಿರುದ್ಧ ಅಲ್ಲ, ನಿಮಗೆ ಗೊತ್ತಲ್ಲ’ ಎಂದರು. ಸಂಜೆಪತ್ರಿಕೆಯವರು ಕೇಳಿದರಲ್ಲ, ನನ್ನ ಮುಂದೆ ಯಾರೂ ಆಡುವುದಿಲ್ಲವೋ ಎಂದು. ಹೀಗೆ ಆಡುತ್ತಾರೆ. ಗೊತ್ತು ಎಂದೆ. ಗೊತ್ತೋ ಇಲ್ಲವೋ ಈಗಲೂ ಗೊತ್ತಿಲ್ಲ. ಮಾತ್ರೆ ಕೊಟ್ಟೆ, ‘ಊಟದ ನಂತರ’ ಎಂದು ಎಂದಿನಂತೆ ನೆನಪಿಸಿದೆ.

ಪಕ್ಕದ ಮನೆಯಾಕೆ ಫರಾಜ್ ಕಡೆ ಹೋಗುವವರಲ್ಲ. ಅವರು ಮನೆಯಲ್ಲೇ ಉಳಿಯುತ್ತಾರೆ ಎಂದು ನನ್ನ ಅನುಮಾನ. ಇಂಥವರ ಲೆಕ್ಕ ಸಮೀಕ್ಷೆಯಲ್ಲಿ ಹೇಗೆ ಬರುತ್ತದೋ ಕಾಣೆ. ನಿಮ್ಮ ಪ್ರಶ್ನೆ ಓದಿದ ಮೇಲೆ ಇವತ್ತು ಬೆಳಿಗ್ಗೆ ಬೇಲಿಯ ಹತ್ತಿರ ಅವರಿಗೆ ಹೇಳಿದೆ: ಈ ಚಳಿಗಾಲಕ್ಕೆ ನಿಮ್ಮ 200 ಪೌಂಡ್ ಅರ್ಜಿ ಹಾಕದೆಯೇ ತಾನಾಗಿ ಬರುತ್ತದೆ ಎಂದು. ‘ಪತ್ರಿಕೆಯಲ್ಲಿ ಓದಿದೆ’ ಎಂದರು. ಸಂತೋಷವಲ್ಲವೇ ಎಂದೆ. ‘ಬಂದಾಗ ನೋಡೋಣ’ ಎಂದು ಹೇಳಿ ಟೊಮೆಟೊ ಗಿಡಕ್ಕೆ ನೀರು ಹಾಕಿದರು. ಸಂಜೆ ಅವರ ಪತ್ರ ಒಂದು ನಮ್ಮ ಮನೆಗೆ ಬಂದಿತ್ತೆಂದು ಕೊಡಲು ಹೋದೆ. ಜುಲೈ ತಿಂಗಳು, ಹೀಟರ್ ಆರಿಸಿ ಮೂರು ತಿಂಗಳಾಗಿದೆ. ಮೆಟ್ಟಿಲ ಕೆಳಗಿನ ಗೂಡು ತೆರೆದಿತ್ತು, ಟಾರ್ಚ್ ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿ ಮೀಟರ್ ಓದುತ್ತಿದ್ದರು. ನೋಟುಪುಸ್ತಕ ಹಿಡಿದುಕೊಳ್ಳಲು ನನ್ನ ಕೈಗೆ ಕೊಟ್ಟರು.